ಹಿತ್ತಲ ಈರುಳ್ಳಿಗೆ ಎಷ್ಟು ಜಾಗ ಬೇಕು?

ಮಳೆಗಾಲದಲ್ಲಿ ಅಜ್ಜಂಪುರದ ಕಡೆ ಹೋದರೆ ಹೊಲ ಹೊಲದಲ್ಲೂ ಈರುಳ್ಳಿ. ಅಮೃತಾಪುರದಲ್ಲಿ ತೆಂಗು, ಅಡಿಕೆ ಹೆಚ್ಚು. ಆದರೂ ಹಿತ್ತಲಲ್ಲಿ ಒಂದೆರಡು ಮಡಿ ಈರುಳ್ಳಿ ಹಾಕುವ ಆಸೆ ಇಲ್ಲಿ ಯಾರಿಗಿಲ್ಲ? ಹೊಲದಲ್ಲಿ ಕಂಡದ್ದನ್ನೇ ಹಿತ್ತಲಿಗೂ ತರುತ್ತೇವೆ. ಎಡವುವುದು ಅಲ್ಲೇ.

ಒತ್ತಾಗಿ ಹಾಕಿದಷ್ಟೂ ಹೆಚ್ಚು ಗೆಡ್ಡೆ ಎನ್ನುವವರು ಬಹಳ ಮಂದಿ. ಬೀಜ ಚೆಲ್ಲಿದ ಹೊಲದಲ್ಲಿ ಪೈರು ಒತ್ತಾಗಿ ಕಾಣುವುದು ನಿಜ. ಆದರೆ ಕಳೆ ತೆಗೆಯುವಾಗ ಹೆಚ್ಚಾದ ಪೈರನ್ನೂ ಕಿತ್ತು ತೆಳುಮಾಡುತ್ತಾರೆ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಈರುಳ್ಳಿಯ ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡುತ್ತದೆ. ಪಕ್ಕದ ಗಿಡ ತೀರಾ ಹತ್ತಿರವಿದ್ದರೆ ನೀರು, ಗೊಬ್ಬರ ಎರಡಕ್ಕೂ ಸಾಲದೆ ಗೆಡ್ಡೆ ಗೋಲಿಯಷ್ಟಕ್ಕೇ ನಿಲ್ಲುತ್ತದೆ. ಸಾಲಿನಿಂದ ಸಾಲಿಗೆ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇರಲಿ. ಹೆಬ್ಬೆರಳೂ ಸೇರಿದ ಅಂಗೈ ಅಗಲ ಹೆಚ್ಚುಕಡಿಮೆ 10 ಸೆಂ.ಮೀ., ಅಳತೆಪಟ್ಟಿ ಹುಡುಕಬೇಕಿಲ್ಲ. ಹೀಗೆ ನೆಟ್ಟರೆ ಚದರ ಅಡಿಗೆ ಆರು ಸಸಿ. 10 ಅಡಿ ಉದ್ದ, 3 ಅಡಿ ಅಗಲದ ಮಡಿಗೆ 180. ಹಾಗೆಂದು ಅಡಿಗೊಂದು ನೆಡುವುದೂ ಲಾಭವಲ್ಲ. ಕುತ್ತಿಗೆ ದಪ್ಪವಾಗಿ, ಗೆಡ್ಡೆ ಜೋಡಿಯಾಗಿ ಸೀಳಬಹುದು, ಖಾಲಿ ಜಾಗಕ್ಕೆ ಕಳೆ ನುಗ್ಗುತ್ತದೆ.

ಆಲೂಗಡ್ಡೆಯಂತೆ ಬುಡಕ್ಕೆ ಮಣ್ಣೇರಿಸಬೇಕು ಎಂಬ ಮಾತೂ ಇದೆ. ಬೇಡ. ಈರುಳ್ಳಿ ಬೇರೂ ಅಲ್ಲ, ಆಲೂಗಡ್ಡೆಯ ಹಾಗೆ ಊದಿದ ಕಾಂಡವೂ ಅಲ್ಲ. ಎಲೆಗಳ ಬುಡವೇ ದಪ್ಪವಾಗಿ ಒಂದರೊಳಗೊಂದು ಪದರವಾಗಿ ಕೂತದ್ದು. ಗೆಡ್ಡೆ ಕಟ್ಟುವ ಮೊದಲು ಎಷ್ಟು ಎಲೆ ಬಂದಿತೋ ಗೆಡ್ಡೆಗೆ ಅಷ್ಟು ಬಲ. ಸಸಿಯನ್ನು ಬೇರು ಮುಚ್ಚುವಷ್ಟು ಮಾತ್ರ ಹೂಳಿ. ಬಲಿಯುವಾಗ ಗೆಡ್ಡೆಯ ಭುಜ ಮಣ್ಣಿನಿಂದ ಹೊರಗೆ ಕಾಣುವುದು ಸಹಜ, ಗಾಬರಿಯಿಂದ ಮುಚ್ಚಬೇಡಿ.

ಅಡುಗೆಮನೆಯಲ್ಲಿ ಮೊಳೆತ ಈರುಳ್ಳಿ ನೆಟ್ಟರೆ ದೊಡ್ಡ ಗೆಡ್ಡೆ ಸಿಗುವುದಿಲ್ಲ. ಅದು ಹಲವು ಮೊಳಕೆಯಾಗಿ ಒಡೆದು ಹೂವಿನ ದಂಟು ಹಾಕುತ್ತದೆ. ಪಲ್ಯಕ್ಕೆ ಸೊಪ್ಪು ಬೇಕಿದ್ದರೆ ನೆಡಿ. ಗೆಡ್ಡೆಯಿಂದಲೇ ಬೆಳೆಯುವುದು ಸಾಂಬಾರ್ ಈರುಳ್ಳಿ. ದೊಡ್ಡ ಈರುಳ್ಳಿಗೆ ಹೊಸ ಬೀಜದ, ಆರರಿಂದ ಎಂಟು ವಾರದ ಸಸಿಯೇ ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ನಮ್ಮ ಮುಂಗಾರಿಗೆ ಹೊಂದುವ ತಳಿ.

ಸೊಪ್ಪು ತುಳಿದರೆ ಗೆಡ್ಡೆ ದಪ್ಪವಾಗುತ್ತದೆ ಎಂಬುದು ನನಗೆ ತೀರಾ ನೋವು ಕೊಡುವ ನಂಬಿಕೆ. ಗೆಡ್ಡೆಗೆ ಅನ್ನ ಮಾಡಿ ಕಳಿಸುವುದೇ ಆ ಹಸಿರು ಎಲೆ. ಬೇಸಿಗೆ ಬೆಳೆಯಲ್ಲಿ ಅರ್ಧದಷ್ಟು ಗಿಡಗಳ ಸೊಪ್ಪು ತಾನಾಗೇ ಒರಗಿದಾಗ ಕಿತ್ತರಾಯಿತು. ಮಳೆಗಾಲದ ಬೆಳೆಯಲ್ಲಿ ಎಷ್ಟೋ ಸಲ ಸೊಪ್ಪು ಒರಗುವುದೇ ಇಲ್ಲ, ಎಲೆ ಹಳದಿಯಾಗುವುದನ್ನು ನೋಡಿಕೊಳ್ಳಬೇಕು.

ಇನ್ನು ತೆಂಗಿನ ನೆರಳು. ಅಂತರ ಎಷ್ಟು ಸರಿಯಿದ್ದರೂ ಗರಿಯ ಕೆಳಗೆ ಸೊಪ್ಪು ಬರುತ್ತದೆ, ಗೆಡ್ಡೆ ಬಡವಾಗುತ್ತದೆ. ದಿನವಿಡೀ ಬಿಸಿಲು ಬೀಳುವ ಜಾಗ ಬಟ್ಟೆ ಒಣಹಾಕುವ ಅಂಗಳವೊಂದೇ ಆದರೆ, ಮಡಿ ಅಲ್ಲೇ ಮಾಡಿ.