ಕಾರು ನಿಲ್ಲಿಸೋ ಶೆಡ್ಡಿಗೂ ಪರ್ಮಿಷನ್ನಾ?

ಹೋದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಬಳಗದ ಗೆಳೆಯನೊಬ್ಬನಿಗೆ ಇಂಗ್ಲೆಂಡಿನಿಂದ ಅವನ ಚಿಕ್ಕಪ್ಪ ಫೋನ್ ಮಾಡಿದರು. "ನೀವೆಲ್ಲ ಸಿವಿಲ್ ಅಲ್ವಾ, ಇದೇನು ಅಂತ ಸ್ವಲ್ಪ ಓದಿ ಹೇಳ್ರಪ್ಪಾ" ಅಂದರು. ನಮ್ಮಲ್ಲಿ ಸಿವಿಲ್ ಇರೋದು ಇಬ್ಬರೇ, ಉಳಿದವರು ಇಸಿ, ಮೆಕ್ಯಾನಿಕಲ್. ಆದರೂ ಒಪ್ಪಿಕೊಂಡ್ವಿ.

ವಿಷಯ ಇಷ್ಟು. ದಾವಣಗೆರೆಯ ಅಜ್ಜಿಯನ್ನು ಕೆಲವು ತಿಂಗಳು ತಮ್ಮ ಜೊತೆ ಇಟ್ಟುಕೊಳ್ಳಬೇಕು ಅಂತ ಚಿಕ್ಕಪ್ಪನ ಆಸೆ. ಅಜ್ಜಿಗೆ ಮಂಡಿನೋವು. ಆ ಮನೆಯಲ್ಲಿ ಮಲಗೋ ಕೋಣೆ, ಬಾತ್‌ರೂಮ್ ಎಲ್ಲ ಮಹಡಿ ಮೇಲೆ, ಮೆಟ್ಟಿಲು ಕಡಿದು. ಅಂಗಳದಲ್ಲಿರುವ ಗ್ಯಾರೇಜನ್ನು ರೂಮು ಮಾಡೋಣ ಅಂತ ಬಿಲ್ಡರ್‌ನ ಕರೆಸಿದ್ದರು. ಅವನು "ಒಂದು ತಿಂಗಳ ಕೆಲಸ" ಅಂದಿದ್ದ. ಪಕ್ಕದ ಮನೆಯವರು ಮಾತ್ರ "ಕೈ ಹಚ್ಚೋ ಮೊದಲು ವಿಚಾರಿಸಿ, ನಿಮ್ಮದು ಲಿಸ್ಟೆಡ್ ಮನೆ" ಅಂದರಂತೆ.

(ಗ್ಯಾರೇಜ್ ಅಂದ್ರೆ ನಮಗೆ ಬೈಕ್ ರಿಪೇರಿ ಅಂಗಡಿ. ಅಲ್ಲಿ ಅದು ಮನೆಯವರು ಕಾರು ನಿಲ್ಲಿಸೋ ಶೆಡ್ಡು. ಮೊದಲ ಹತ್ತು ನಿಮಿಷ ನಮ್ಮ ತಲೆ ಕೆಟ್ಟಿದ್ದು ಇದಕ್ಕೇ.)

ಲಿಸ್ಟೆಡ್ ಅಂದರೇನು? ಇಂಗ್ಲೆಂಡಿನಲ್ಲಿ ಚಾರಿತ್ರಿಕ ಅಥವಾ ವಾಸ್ತುಶಿಲ್ಪದ ಮಹತ್ವ ಇರೋ ಕಟ್ಟಡಗಳ ಸರ್ಕಾರಿ ಪಟ್ಟಿ ಇದೆ. ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2 ಅಂತ ಮೂರು ದರ್ಜೆ. ಶೇ. 90ಕ್ಕೂ ಹೆಚ್ಚು ಕಟ್ಟಡಗಳು ಗ್ರೇಡ್ 2. ಅವುಗಳಲ್ಲಿ ಜನ ವಾಸ ಮಾಡೋ ಮನೆಗಳು ಬೇಕಾದಷ್ಟಿವೆ, ಅರಮನೆಯೇ ಆಗಬೇಕು ಅಂತಿಲ್ಲ. ಚಿಕ್ಕಪ್ಪನದೂ ಗ್ರೇಡ್ 2. ಗ್ರೇಡ್ 2 ಅಂದ್ರೆ ಮನೆಯ ಮುಂಭಾಗ ಕೆಡಿಸದಿದ್ದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ, ನಾವೂ ಹಾಗೇ ಅಂದುಕೊಂಡಿದ್ವಿ. ತಪ್ಪು. ಯಾವ ದರ್ಜೆಯಾದರೂ ಇಡೀ ಕಟ್ಟಡಕ್ಕೆ, ಒಳಗೂ ಹೊರಗೂ, ರಕ್ಷಣೆ ಇದೆ.

ಸರಿ, ಮನೆ ಪಟ್ಟಿಯಲ್ಲಿದೆ. ಗ್ಯಾರೇಜ್? ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಹಾಗಾದ್ರೆ ಬಚಾವ್ ಅಂದುಕೊಂಡ್ವಿ. ಆದರೆ 1990ರ ಕಾಯ್ದೆಯ ಮೊದಲ ಸೆಕ್ಷನ್‌ನಲ್ಲೇ ಉತ್ತರ ಇತ್ತು. ಮನೆಗೆ ಅಂಟಿಕೊಂಡಿರೋದೆಲ್ಲ ಮನೆಯ ಭಾಗ. ಅಂಟಿಕೊಂಡಿಲ್ಲದಿದ್ದರೂ, ಆ ಮನೆಯ ಆವರಣದಲ್ಲಿ 1948ರ ಜುಲೈ 1ಕ್ಕೂ ಮೊದಲಿನಿಂದ ನಿಂತಿರೋ ಕಟ್ಟಡವೂ ಮನೆಯ ಭಾಗ ಅಂತಲೇ ಲೆಕ್ಕ. ಚಿಕ್ಕಪ್ಪ ಹಳೇ ಮ್ಯಾಪ್ ಹುಡುಕಿ ಫೋಟೋ ಕಳಿಸಿದರು. ಕಾರುಗಳೇ ಇಲ್ಲದ ಕಾಲದ ಮ್ಯಾಪು, ಅದರಲ್ಲಿ ಈ ಗ್ಯಾರೇಜ್ ಇದೆ! ಅಂದ್ರೆ ಅದು ಹುಟ್ಟಿದ್ದು ಕುದುರೆಗಾಡಿ ನಿಲ್ಲಿಸೋಕೆ.

ಹಾಗಾಗಿ ಅನುಮತಿ ಒಂದಲ್ಲ. ಸಾಮಾನ್ಯ ಮನೆಯಾಗಿದ್ರೆ, ಗ್ಯಾರೇಜನ್ನು ದೊಡ್ಡದು ಮಾಡದೆ ಒಳಗಷ್ಟೇ ಬದಲಾಯಿಸಿಕೊಂಡು ಮನೆಯವರೇ ಬಳಸೋದಾದ್ರೆ ಎಷ್ಟೋ ಸಲ ಪ್ಲಾನಿಂಗ್ ಪರ್ಮಿಷನ್ನೇ ಬೇಕಿಲ್ಲ. ಇಲ್ಲಿ ಹೊರಗೋಡೆಯ ನೋಟ ಬದಲಾಗುವುದರಿಂದ ಅದೂ ಬೇಕು, ಜೊತೆಗೆ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಅಂತ ಇನ್ನೊಂದು. ಈ ಎರಡನೆಯದಕ್ಕೆ ಅರ್ಜಿ ಶುಲ್ಕ ಇಲ್ಲ. ಖರ್ಚು ಇರೋದು ಡ್ರಾಯಿಂಗ್‌ಗೆ, ಮತ್ತು 'ಈ ಕಟ್ಟಡದ ಮಹತ್ವ ಏನು, ನಮ್ಮ ಕೆಲಸದಿಂದ ಅದಕ್ಕೇನಾಗುತ್ತೆ' ಅಂತ ಬರೆಸೋ ವರದಿಗೆ. ಬೆಂಕಿ, ಡ್ರೈನೇಜ್, ಇನ್ಸುಲೇಷನ್ ನೋಡೋ ಬಿಲ್ಡಿಂಗ್ ರೆಗ್ಯುಲೇಷನ್ಸ್ ಮತ್ತೆ ಬೇರೆ.

ನಮಗೆ ನಿಜವಾಗಿ ಮಜಾ ಬಂದದ್ದು ಗೋಡೆಯ ವಿಚಾರದಲ್ಲಿ. ಬಿಲ್ಡರ್‌ನ ಪ್ಲಾನ್ ಸುಲಭದ್ದು: ಒಳಗೆ ಫೋಮ್ ಶೀಟ್, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್, ಬಿರುಕಿಗೆಲ್ಲ ಸಿಮೆಂಟ್. ಈಗಿನ ಕಟ್ಟಡಕ್ಕೆ ಇದು ಸರಿ. ಹಳೇದು ಘನವಾದ ಇಟ್ಟಿಗೆ ಗೋಡೆ, ನಡುವೆ ಸುಣ್ಣದ ಗಾರೆ. ಆ ಗೋಡೆ ಮಳೆ ನೀರನ್ನು ಸ್ವಲ್ಪ ಹೀರುತ್ತೆ, ಒಣ ಹವೆ ಬಂದಾಗ ಗಾರೆಯ ಮೂಲಕ ಬಿಟ್ಟುಕೊಡುತ್ತೆ. ಸಿಮೆಂಟ್ ಮೆತ್ತಿದರೆ ಆ ದಾರಿ ಬಂದ್. ನೀರು ಇಟ್ಟಿಗೆಯಲ್ಲೇ ಉಳಿಯುತ್ತೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತೆ, ಇಟ್ಟಿಗೆಯ ಮುಖ ಚಕ್ಕೆಚಕ್ಕೆಯಾಗಿ ಉದುರುತ್ತೆ. ನೆಲದ ಕಥೆಯೂ ಹೀಗೇ, ಅಡಿಯ ತೇವ ಮೇಲೆ ಬರೋಕಾಗದೆ ಪಕ್ಕದ ಗೋಡೆಗೆ ಹತ್ತಬಹುದು. ಅದಕ್ಕೇ ಇಂಥ ಕಡೆ ಮರದ ನಾರಿನ ಇನ್ಸುಲೇಷನ್ ಬೋರ್ಡು, ಸುಣ್ಣದ ಪ್ಲಾಸ್ಟರ್, ಸುಣ್ಣ ಬೆರೆಸಿದ ಕಾಂಕ್ರೀಟಿನ ನೆಲ ಬಳಸ್ತಾರೆ. ನಮ್ಮೂರಿನ ಹಳೇ ಮನೆಗಳ ಗಾರೆ ನೆಲ ನೆನಪಾಯ್ತು. ಈಗ ಗಾರೆ ಕೆಲಸ ಅಂದ್ರೆ ಸಿಮೆಂಟ್ ಕೆಲಸ ಅಂತಲೇ ಆಗಿಬಿಟ್ಟಿದೆ.

ಇನ್ನೊಂದು ಜಗಳ ಬಾಗಿಲಿನದು. ಬಿಲ್ಡರ್ ಮರದ ಜೋಡಿ ಬಾಗಿಲು ಕಿತ್ತು ಇಟ್ಟಿಗೆ ಕಟ್ಟಿ ಕಿಟಕಿ ಇಡೋಣ ಅಂದಿದ್ದ. ಹಾಗೆ ಮಾಡಿದ್ರೆ ಅದು ಗಾಡಿಮನೆ ಆಗಿತ್ತು ಅನ್ನೋ ಗುರುತೇ ಹೋಗುತ್ತೆ. ಹಳೇ ಬಾಗಿಲನ್ನು ತೆರೆದ ಸ್ಥಿತಿಯಲ್ಲಿ ಉಳಿಸಿ, ಅದರ ಹಿಂದೆ ಗಾಜಿನ ಚೌಕಟ್ಟು ಕೂರಿಸೋದು ಮೇಲು. ಮುಂದೆ ಯಾರಾದ್ರೂ ಬೇಡ ಅಂದ್ರೆ ಗಾಜು ಬಿಚ್ಚಿದರಾಯ್ತು.

ಸುಮ್ಮನೆ ಮಾಡಿಬಿಟ್ಟರೆ? ಕನ್ಸೆಂಟ್ ಇಲ್ಲದೆ ಲಿಸ್ಟೆಡ್ ಕಟ್ಟಡದ ಸ್ವರೂಪ ಬದಲಿಸೋದು ಅಲ್ಲಿ ಕ್ರಿಮಿನಲ್ ಅಪರಾಧ, 2 ವರ್ಷದವರೆಗೆ ಜೈಲು, ಮಿತಿಯಿಲ್ಲದ ದಂಡ. 'ಮೊದಲಿದ್ದ ಹಾಗೆ ಮಾಡಿ' ಅಂತ ನೋಟಿಸ್ ಕೊಡೋಕೆ ಕಾಲದ ಗಡುವೂ ಇಲ್ಲ. ಮನೆ ಮಾರಿದ್ರೆ ಆ ನೋಟಿಸ್ ಕೊಂಡವರ ತಲೆಗೆ ಬರಬಹುದು.

ನಮ್ಮಲ್ಲಿ ಎಎಸ್‌ಐ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ನಾವು ಟೇಪಿನಲ್ಲಿ ಅಳೆಯುತ್ತೇವೆ, ಅವರು ಒಂದೊಂದೇ ಕಟ್ಟಡ ನೋಡಿ ವಾದಿಸುತ್ತಾರೆ. ಎರಡನೆಯದು ನಿಧಾನ, ಆದರೆ ಅದರಲ್ಲಿ ಮಾತಾಡೋಕೆ ಜಾಗ ಇದೆ ಅನ್ನಿಸ್ತು.

ಚಿಕ್ಕಪ್ಪ ಬಿಲ್ಡರ್‌ನ ಸದ್ಯಕ್ಕೆ ವಾಪಸ್ ಕಳಿಸಿ, ಹಳೇ ಕಟ್ಟಡಗಳ ಅನುಭವ ಇರೋ ಆರ್ಕಿಟೆಕ್ಟ್ ಒಬ್ಬರನ್ನು ಹಿಡಿದಿದ್ದಾರೆ. ಅರ್ಜಿ ಹೋಗಿದೆ. ತೀರ್ಮಾನಕ್ಕೆ 8 ವಾರ ಅಂತ ಲೆಕ್ಕ, ಹೆಚ್ಚೂ ಆಗಬಹುದು. ಅಜ್ಜಿಯ ಟಿಕೆಟ್ ಇನ್ನೂ ಬುಕ್ ಮಾಡಿಲ್ಲ. "ಕುದ್ರಿ ಕಟ್ಟೋ ಜಾಗದಾಗೆ ನನ್ನ ಮಲಗಸ್ತಾನಂತೆ, ಅದಕ್ಕೂ ಸರ್ಕಾರ ಕೇಳಬೇಕಂತೆ" ಅಂತ ಓಣಿಗೆಲ್ಲ ಹೇಳಿಕೊಂಡು ನಗ್ತಿದ್ದಾರಂತೆ.