ಭೂಕಂಪದ ಮ್ಯಾಲೆ ಎದ್ದು ನಿಂತ ಮಹಿಳಾ ಮಂಡಳಗಳು

ಉಮರ್ಗಾ: ಸೇವಾ ಸಂಸ್ಥೆ ಎಂದರೆ ಗಡಿಭಾಗದ ಮಂದಿಗೆ ಮೊದಲು ನೆನಪಾಗುವುದು ಪೇಟೆಯ ರೋಟರಿ, ಲಯನ್ಸ್ ಕ್ಲಬ್‌ಗಳು. ಉದಗೀರಿನಲ್ಲಿ ಲಯನ್ಸ್ ಹೆಸರಿನ ಕಣ್ಣಿನ ದವಾಖಾನೆಯೇ ಇದೆ. ಆದರೆ ಬ್ಯಾಡ್ಜು, ಬ್ಯಾನರು, ಪದಗ್ರಹಣ ಸಮಾರಂಭ ಯಾವುದೂ ಇಲ್ಲದೆ ಈ ಸೀಮೆಯ ಹಳ್ಳಿಗಳಲ್ಲಿ ದುಡಿದ ಇನ್ನೊಂದು ಪಡೆ ಇದೆ. ಅದು ಮಹಿಳಾ ಮಂಡಳಗಳದ್ದು.

1993ರ ಸೆಪ್ಟೆಂಬರ್ 30. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಮಲಗಿದ್ದ ಊರುಗಳು ನಸುಕಿನ 3.56ಕ್ಕೆ ನೆಲಕ್ಕೆ ಬಿದ್ದವು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರ ಹೇಳಹೆಸರಿಲ್ಲದಂತಾದವು. ಸರ್ಕಾರಿ ಲೆಕ್ಕದಲ್ಲೇ ಸತ್ತವರು ಸುಮಾರು 8 ಸಾವಿರ. ಕೊಂದದ್ದು ಭೂಮಿಗಿಂತ ಮನೆ ಎನ್ನಬೇಕು. ಮಣ್ಣಿನಲ್ಲಿ ಕಟ್ಟಿದ ಎರಡು-ಮೂರು ಅಡಿ ದಪ್ಪದ ಕಲ್ಲುಗೋಡೆ, ಬಿಸಿಲು ತಡೆಯಲೆಂದು ವರ್ಷ ವರ್ಷ ಮಣ್ಣು ಹೇರಿಸಿಕೊಂಡ ಮಾಳಿಗೆ. ಎರಡೂ ಮಲಗಿದವರ ಮೇಲೆ ಕುಸಿದವು.

ನೆರವು ನಾಲ್ಕೂ ದಿಕ್ಕಿನಿಂದ ಬಂತು. ಪುಣೆಯ ಭಾರತೀಯ ಜೈನ ಸಂಘಟನೆ ಸುಮಾರು 1,200 ಮಕ್ಕಳನ್ನು ಕರೆದೊಯ್ದು ಓದಿಸುವ ಹೊಣೆ ಹೊತ್ತಿತು. ಪೂರ್ತಿ ನಾಶವಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಲಾಯಿತು. ವಿಶ್ವಬ್ಯಾಂಕಿನ ಸಾಲ, ದಾನಿಗಳ ಹಣ, ಗುತ್ತಿಗೆದಾರರ ಲಾರಿಗಳು. ಓಣಿಗಳೇನೋ ಗೆರೆ ಎಳೆದಂತೆ ನೆಟ್ಟಗಾದವು. ಎತ್ತು, ಎಮ್ಮೆ ಎಲ್ಲಿ ಕಟ್ಟಬೇಕೆಂದು ಮಾತ್ರ ನಕ್ಷೆ ಬರೆದವರಿಗೆ ಹೊಳೆಯಲಿಲ್ಲ.

ಅಸಲಿ ಕಷ್ಟ ಇದ್ದದ್ದು ಬೀಳದೆ ಬಿರುಕು ಬಿಟ್ಟ ಮನೆಗಳದ್ದು. ಲಾತೂರ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳೂ ಸೇರಿದಂತೆ ಸುಮಾರು 1,300 ಹಳ್ಳಿಗಳಲ್ಲಿ ಅಂಥ ಮನೆಗಳು 2 ಲಕ್ಷದಷ್ಟಿದ್ದವು. ಇವಕ್ಕೆ ಸಿಕ್ಕಿದ್ದು ಹೊಸ ಮನೆಯಲ್ಲ, ದುರಸ್ತಿಗೆ 17 ಸಾವಿರ ರೂಪಾಯಿ. ಹಾನಿ ಹೆಚ್ಚಿದ್ದರೆ 34 ಸಾವಿರ. ಮಂದಿಗೆ ಇದು ಬೇಡವಾಗಿತ್ತು. ಪಕ್ಕದ ಊರಿಗೆ ಸಿಮೆಂಟ್ ಮನೆ ಕೊಟ್ಟು ನಮಗ್ಯಾಕ ತ್ಯಾಪಿ ಹಚ್ಚತೀರಿ ಎಂಬ ಸಿಟ್ಟು ಒಂದು ಕಡೆ, ಅದೇ ಕಲ್ಲಿನ ಮನಿಯಾಗ ಮತ್ತ ಹ್ಯಾಂಗ ಮಲಗೂದು ಎಂಬ ಅಂಜಿಕೆ ಇನ್ನೊಂದು ಕಡೆ. ಎಷ್ಟೋ ಕುಟುಂಬಗಳು ಗಟ್ಟಿ ಗೋಡೆ ಬಿಟ್ಟು ಅಂಗಳದ ತಗಡಿನ ಶೆಡ್ಡಿನಲ್ಲೇ ಮಲಗಿದವು. ಇಂಜಿನಿಯರು ಬಂದು ಹೇಳಿ ಹೋದರೆ ಕೇಳುವವರಿಲ್ಲ.

ಆಗ ಸರ್ಕಾರ ಜನರನ್ನು ಕೆಲಸದಲ್ಲಿ ಸೇರಿಸಿಕೊಳ್ಳುವ ಹೊಣೆಯನ್ನು ಪ್ರೇಮಾ ಗೋಪಾಲನ್ ಅವರ ‘ಸ್ವಯಂ ಶಿಕ್ಷಣ ಪ್ರಯೋಗ’ ಸಂಸ್ಥೆಗೆ ವಹಿಸಿತು. ಸಂಸ್ಥೆ ಹುಡುಕಿದ್ದು ಮಹಿಳಾ ಮಂಡಳಗಳನ್ನು. ಹೆಚ್ಚಿನವು ಕಾಗದದ ಮೇಲಷ್ಟೇ ಇದ್ದವು, ಅರಿಶಿನ-ಕುಂಕುಮಕ್ಕೆ ವರ್ಷಕ್ಕೊಮ್ಮೆ ಸೇರುವಂಥವು. ಆ ಹೆಣ್ಣುಮಕ್ಕಳಿಂದಲೇ ‘ಸಂವಾದ ಸಹಾಯಕ’ರು ಬಂದರು. ಹೆಸರು ಮರಾಠಿಯದಾದರೂ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಮ್ಮ ಕಡೆ ಇದಕ್ಕೆ ಅನುವಾದ ಬೇಕಾಗಲಿಲ್ಲ.

ಅವರ ಕೆಲಸವೇನು? ಯಾರಿಗೆ ಎಷ್ಟು ಹಣ ಬರಬೇಕು, ಯಾವ ಕಂತು ಯಾಕೆ ನಿಂತಿದೆ ಎಂದು ಮನೆಮನೆಗೆ ತಿಳಿಸುವುದು. ಗ್ರಾಮಸಭೆಗೆ ಮಂದಿ ಕೂಡಿಸುವುದು. ಕೆಲಸ ಕೆಟ್ಟರೆ ಇಂಜಿನಿಯರಿಗೆ ಮುಟ್ಟಿಸುವುದು. ಎಲ್ಲಕ್ಕಿಂತ ದೊಡ್ಡದು ಅಂಜಿಕೆ ಬಿಡಿಸುವುದು. ಅದಕ್ಕೆ ಊರಲ್ಲಿ ಮಾದರಿ ಮನೆ ಬೇಕಾಯಿತು: ಗೋಡೆಯ ಒಳಮೈ ಹೊರಮೈ ಬೇರೆಯಾಗದಂತೆ ನಡುವೆ ಹಾಯಿಸಿದ ಕಾಂಕ್ರೀಟ್ ತುಂಡು, ಮನೆಯ ಸುತ್ತ ಸೊಂಟಪಟ್ಟಿಯಂಥ ಕಾಂಕ್ರೀಟ್ ಪಟ್ಟಿ, ಮಾಳಿಗೆಯ ಮಣ್ಣಿನ ಭಾರ ಕಡಿಮೆ. ಬ್ಲೂಪ್ರಿಂಟ್ ನೋಡಿ ತಿಳಿಯದ್ದು ಇದನ್ನು ಕಣ್ಣಾರೆ ಕಂಡಾಗ ತಿಳಿಯಿತು. ಗೌಂಡಿಗೆ ‘ಇಲ್ಲಿ ಸಳಿ ಯಾಕಿಲ್ಲ’ ಎಂದು ಹೆಣ್ಣುಮಗಳೊಬ್ಬಳು ಕೇಳುವುದು ಆವರೆಗೆ ಈ ಸೀಮೆಯಲ್ಲಿ ನಡೆಯದ ಮಾತು. ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುತ್ತಿದ್ದವರು ಪಂಚಾಯಿತಿ ಕಟ್ಟೆ ಹತ್ತಿದ್ದು ಇದೇ ನೆಪದಲ್ಲಿ. ಕೆಲವು ಮನೆಗಳ ಗಂಡಸರಿಗೆ ಇದು ಹಿಡಿಸಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದುರಸ್ತಿ ಮುಗಿದ ಮೇಲೆ ಮಂಡಳಗಳಿಗೆ ಕೆಲಸ ಉಳಿಯಲಿಲ್ಲ. ಸುಮಾರು ಕಡೆ ಅವು ಉಳಿತಾಯ ಗುಂಪುಗಳಾದವು, ಬೀಜ-ಗೊಬ್ಬರ, ದವಾಖಾನೆ ಖರ್ಚಿಗೆ ತಮ್ಮೊಳಗೇ ಸಾಲ ಕೊಟ್ಟುಕೊಂಡವು. 2001ರ ಜನವರಿ 26ರಂದು ಗುಜರಾತಿನ ಕಚ್ಛ್ ನಡುಗಿದಾಗ ಮರಾಠವಾಡಾದ ಈ ಹೆಣ್ಣುಮಕ್ಕಳು ಅಲ್ಲಿಗೂ ಹೋದರು. ಗುಜರಾತಿ ಬಾರದಿದ್ದರೂ ಬಿದ್ದ ಮನೆಯ ಮಾತು ಅವರಿಗೆ ಬರುತ್ತಿತ್ತು. 2004ರ ಸುನಾಮಿಯ ನಂತರ ಅದೇ ಅನುಭವ ತಮಿಳುನಾಡಿಗೂ ಮುಟ್ಟಿತು.

ಆಮೇಲೆ ಬಂದದ್ದು ಬರಗಾಲ. ಸೋಯಾ, ಕಬ್ಬಿಗೆ ನೀರಿಲ್ಲದಾಗ ಗುಂಪಿನ ಹೆಣ್ಣುಮಕ್ಕಳು ಮನೆಯವರಿಂದ ಒಂದು ಎಕರೆ ಕೇಳಿ ಪಡೆದು ಜೋಳ, ಬೇಳೆಕಾಳು, ಕಾಯಿಪಲ್ಯ ಬೆಳೆದರು. ಇದಕ್ಕಾಗಿ ‘ಸ್ವಯಂ ಶಿಕ್ಷಣ ಪ್ರಯೋಗ’ಕ್ಕೆ 2017ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು. ಪ್ರೇಮಾ ಗೋಪಾಲನ್ 2022ರಲ್ಲಿ ತೀರಿಕೊಂಡರು. ಒಂದು ಎಕರೆಯ ಬೇಸಾಯ ಮರಾಠವಾಡಾದ ಹಳ್ಳಿಗಳಲ್ಲಿ ನಡೆದೇ ಇದೆ.