ಬಾಡಿಗೆ ಮನೆಗೆ ಲಿಫ್ಟ್ ಇದೆ, ಬೋರ್‌ವೆಲ್ ಇದೆ, ಫೋಟೊ ಇಡಲು ಜಾಗ?

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿದಾಗ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸುತ್ತಿನ ಎಷ್ಟೋ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಲ್ಲಿ ಜನ ಮೊದಲು ಮಕ್ಕಳನ್ನು, ದನಗಳನ್ನು ಸಾಗಿಸ್ತಾರೆ. ಟ್ರಂಕಿನ ತಳದ ಕ್ರಯಪತ್ರ, ಮಾರ್ಕ್ಸ್ ಕಾರ್ಡ್, ಮದುವೆ ಆಲ್ಬಂ ನೆನಪಾಗುವುದು ಆಮೇಲೆ. ಬೀಳಗಿ ಕಡೆಯವರಿಗಂತೂ ಆಲಮಟ್ಟಿಯ ಹಿನ್ನೀರು ಇದನ್ನು ಮೊದಲೇ ಕಲಿಸಿದೆ.

ಈಗ ಎಲ್ಲ ಮೊಬೈಲಲ್ಲಿದೆಯಲ್ಲ ಅಂತೀರಿ. ಇದೆ. ಆದರೆ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಆಮೇಲೆ ಉಳಿದದ್ದು ಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ಒಂದು ನಿಕಾಹ್‌ನ ವಿಡಿಯೋ ಹಾಕಿದರೆ ಅದೇ ತುಂಬಿ ಹೋಗ್ತದೆ. ಗಲ್ಫ್‌ನಲ್ಲಿರುವ ಮಗ ಕಳಿಸಿದ ವಿಡಿಯೋ ಅಳಿಸಲು ಯಾವ ಉಮ್ಮನಿಗೆ ಮನಸ್ಸು ಬರ್ತದೆ?

ಇದಕ್ಕೊಂದು ದಾರಿ, ಕಟ್ಟಡಕ್ಕೆಲ್ಲ ಸೇರಿ ಒಂದೇ ಸಂಗ್ರಹ ಪೆಟ್ಟಿಗೆ. ನೆಟ್‌ವರ್ಕ್ ಸ್ಟೋರೇಜ್ ಅಂತಾರೆ. ಚಪ್ಪಲಿ ಡಬ್ಬಿಯಷ್ಟು ದೊಡ್ಡದು, ಒಳಗೆ ಎರಡು ಹಾರ್ಡ್ ಡಿಸ್ಕ್, ರೂಟರಿಗೆ ಒಂದು ಕೇಬಲ್. 4 ಟಿಬಿಯ ಎರಡು ಡಿಸ್ಕ್ ಹಾಕಿ ಒಂದರ ನಕಲು ಇನ್ನೊಂದರಲ್ಲಿ ಇರುವಂತೆ ಮಾಡಿದರೆ ಬಳಸಲು ಸಿಗುವುದು 4 ಟಿಬಿ. ಎಂಟು ಮನೆಗೆ ಹಂಚಿದರೆ ಮನೆಗೆ ಸುಮಾರು 500 ಜಿಬಿ. ಬನಹಟ್ಟಿಯ ನೇಕಾರಿಕೆ ಮನೆಯವರಾದರೆ ಸೀರೆ ವಿನ್ಯಾಸ, ಜಿಎಸ್‌ಟಿ ಬಿಲ್ಲು ಕೂಡ ಅಲ್ಲೇ ಇಡಬಹುದು.

ಎರಡು ಡಿಸ್ಕ್ ಇದೆಯೆಂದು ನಿಶ್ಚಿಂತೆಯಾಗಿ ಮಲಗಬೇಡಿ. ಒಂದು ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ, ಅಷ್ಟೇ. ನಾವೇ ತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ನೀರು ಬಂದರೆ, ಕಳ್ಳ ಬಂದರೆ ಎರಡೂ ಒಟ್ಟಿಗೇ ಹೋಗ್ತವೆ. ಆದ್ದರಿಂದ ಪೆಟ್ಟಿಗೆ ನೆಲಮಹಡಿಯಲ್ಲಿ ಬೇಡವೇ ಬೇಡ, ಮೀಟರ್ ಬೋರ್ಡಿನ ಪಕ್ಕ ಜಾಗ ಖಾಲಿ ಇದ್ದರೂ ಬೇಡ. ಮೇಲಿನ ಮಹಡಿ, ಜೊತೆಗೊಂದು ಯುಪಿಎಸ್. ಇನ್ನೊಂದು ಪ್ರತಿ ಊರ ಹೊರಗೆ ಇರಲಿ. ಮಂಗಳೂರಿನಿಂದ ಅತ್ತ ಹೋಗಿ ನೆಲೆಸಿದವರು ಪೆರ್ನಾಲಿಗೆ ಊರಿಗೆ ಬರುವಾಗ ಒಂದು ಹಾರ್ಡ್ ಡಿಸ್ಕ್ ತಂದು ತಮ್ಮನ ಮನೆಯಲ್ಲಿಟ್ಟು ಹೋದರೂ ಆಯ್ತು.

ನಮಗೆ ನಿಜವಾದ ಆತಂಕ ಬೇರೆಯದು. ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡ್ ಇರುವವನು ಸಾಮಾನ್ಯವಾಗಿ ಎಲ್ಲ ಮನೆಯ ಫೋಲ್ಡರನ್ನೂ ತೆರೆಯಬಲ್ಲ. ಅದು ಮಾಲಕರ ಕೈಯಲ್ಲಿರಲಿ, ಅವರು ಕರೆಸಿದ ಹುಡುಗನ ಕೈಯಲ್ಲಿರಲಿ. ನಮ್ಮ ಮನೆಯ ಹೆಣ್ಣುಮಕ್ಕಳ ಮದರಂಗಿ ರಾತ್ರಿಯ ಫೋಟೊ ಅದರಲ್ಲಿದ್ದರೆ? ಮಾಲಕರು ಒಳ್ಳೆಯವರೇ ಇರಬಹುದು, ಪ್ರಶ್ನೆ ಅದಲ್ಲ. ಮನೆಗೊಂದು ಪ್ರತ್ಯೇಕ ಹೆಸರು, ಪಾಸ್‌ವರ್ಡ್ ಕೊಟ್ಟರೆ ಅಕ್ಕಪಕ್ಕದವರ ಕಣ್ಣು ತಪ್ಪುತ್ತದೆ. ಮಾಲಕರ ಕಣ್ಣೂ ತಪ್ಪಬೇಕಾದರೆ ಫೈಲನ್ನು ನಮ್ಮ ಕಂಪ್ಯೂಟರಲ್ಲೇ ಬೀಗ ಹಾಕಿ, ಅಂದರೆ ಎನ್‌ಕ್ರಿಪ್ಟ್ ಮಾಡಿ, ಆಮೇಲೆ ಅಲ್ಲಿಗೆ ಹಾಕಬೇಕು. ಆ ಬೀಗದ ಪಾಸ್‌ವರ್ಡ್ ಮರೆತರೆ ಮಾತ್ರ ಯಾರೂ ತೆಗೆದು ಕೊಡಲಾರರು. ಮನೆಯಲ್ಲಿ ಇಬ್ಬರಿಗೆ ಗೊತ್ತಿರಲಿ.

ದುಬೈಯಿಂದಲೂ ನೋಡಬಹುದು ಎಂದು ಪೆಟ್ಟಿಗೆಯನ್ನು ನೇರ ಇಂಟರ್‌ನೆಟ್ಟಿಗೆ ತೆರೆದಿಡುವವರಿದ್ದಾರೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ವೈರಸ್ ಹೀಗೆ ತೆರೆದಿಟ್ಟ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಹೊಕ್ಕು, ಫೈಲುಗಳಿಗೆ ಬೀಗ ಹಾಕಿ, ಬಿಟ್‌ಕಾಯಿನ್ ಕೊಡಿ ಎಂದು ಕೂತಿತು. ಹೊರಗಿಂದ ನೋಡಲೇಬೇಕಿದ್ದರೆ ವಿಪಿಎನ್ ಹಾಕಿಸಿಕೊಳ್ಳಿ.

ಇನ್ನು ಕ್ರಯಪತ್ರದ ಸ್ಕ್ಯಾನ್ ಪ್ರತಿ ಅಸಲು ಪತ್ರವಲ್ಲ, ನೆನಪಿರಲಿ. ಆದರೆ ಅಸಲು ನೀರು ಪಾಲಾದಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಲು ಅದರ ನಂಬರು, ತಾರೀಕು ಕೈಯಲ್ಲಿರುತ್ತದೆ. ಜಮಾಅತ್ ಕೊಟ್ಟ ನಿಕಾಹ್ ಪತ್ರಕ್ಕೂ ಇದೇ ಮಾತು.

ಮನೆ ಖಾಲಿ ಮಾಡುವಾಗ ಏನು? ಅಡ್ವಾನ್ಸ್ ಹಣ ಯಾವಾಗ ವಾಪಸ್ ಎಂದು ಕರಾರಿನಲ್ಲಿ ಬರೆಸ್ತೇವೆ. ಅದರ ಕೆಳಗೆ ಇನ್ನೊಂದು ಸಾಲು ಬರೆಸಿ: ನಮ್ಮ ಫೈಲು ತೆಗೆದುಕೊಳ್ಳಲು ಮೂವತ್ತು ದಿನ, ಆಮೇಲೆ ನಮ್ಮ ಫೋಲ್ಡರ್ ಪೂರ್ತಿ ಅಳಿಸಿ ನಮಗೆ ತೋರಿಸಬೇಕು.